ಪೊನ್ನಂಪೇಟೆ ರಸ್ತೆ ಹಂದಿ ಅಂಗಡಿಯ ಬೇಕನ್, ಮತ್ತೆ ಅದನ್ನ ಗರಿಗರಿಯಾಗಿ ಹುರಿಯೋ ವಿಷ್ಯ

ಗೋಣಿಕೊಪ್ಪದಿಂದ ಪೊನ್ನಂಪೇಟೆ ಕಡೆ ಹೋಗೋವಾಗ ಎಡಗಡೆ ಒಂದು ಹಂದಿ ಮಾಂಸದ ಅಂಗಡಿ ಸಿಗುತ್ತೆ, ಹೆಸರು ಅಂತ ಏನೂ ಹಾಕಿಲ್ಲ, ತಗಡಿನ ಮೇಲೆ ಕೆಂಪು ಪೇಂಟಲ್ಲಿ ಹಂದಿ ಮಾಂಸ ಸಿಗುತ್ತದೆ ಅಂತ ಬರೆದಿದ್ದಾರೆ ಅಷ್ಟೇ. ಅಲ್ಲಿ ಸಿಗೋ ಬೇಕನ್ (ಉಪ್ಪು ಸವರಿ ಹೊಗೆ ಹಾಕಿದ ಹಂದಿ ಮಾಂಸ) ಬಗ್ಗೆ ಬರೀಬೇಕು ಅಂತ ಮಳೆ ಶುರುವಾದಾಗಿಂದ ಅಂದ್ಕೊಳ್ತಾ ಇದ್ದೀನಿ, ಇವತ್ತು ಕರೆಂಟೂ ಇದೆ ನೆಟ್‌ವರ್ಕೂ ಇದೆ, ಬರೆದೇ ಬಿಡ್ತೀನಿ. ಇಲ್ಲಿವರೆಗೆ ಎಂಟು ಸಲ ತಂದಿದೀನಿ, ಒಂದೇ ಒಂದು ಸಲ ಬಿಟ್ರೆ ಪ್ರತಿ ಸಲಾನೂ ಗರಿಗರಿಯಾಗಿ ಬಂದಿದೆ, ಆ ಒಂದು ಸಲ ಯಾಕೆ ಕೆಡ್ತು ಅಂತ ಆಮೇಲೆ ಹೇಳ್ತೀನಿ.

ನಮ್ದು ಹುದಿಕೇರಿ ಕಡೆ, ಮನೆ ಪಕ್ಕದಲ್ಲೇ ಎರಡು ರೂಮಿನ ಹೋಂಸ್ಟೇ ಇದೆ. ರಾತ್ರಿ ಊಟಕ್ಕೆ ಪಂದಿ ಕರಿ (ನಮ್ಮ ಕಡೆ ಹಂದಿ ಸಾರು), ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಕೊಟ್ರೆ ಬಂದೋರು ಖುಷಿಯಾಗಿ ತಿಂತಾರೆ, ಆದ್ರೆ ಬೆಳಿಗ್ಗೆ ತಿಂಡಿಗೆ ಕೆಲವರು ಬೇಕನ್ ಸಿಗುತ್ತಾ ಆಂಟಿ ಅಂತ ಕೇಳ್ತಾರೆ, ಬೆಂಗಳೂರಿನ ಹುಡುಗರಂತೂ ಕೇಳೇ ಕೇಳ್ತಾರೆ. ಕೊಡಗಲ್ಲಿ ಕೂತು ಹಂದಿ ಮಾಂಸದ ವಿಷ್ಯದಲ್ಲಿ ಇಲ್ಲ ಅನ್ನೋಕೆ ನಂಗೆ ಮನಸ್ಸು ಬರಲ್ಲ. ಅದಕ್ಕೆ ಎರಡು ವರ್ಷ ಪೇಟೆಯಿಂದ ಪ್ಯಾಕೆಟ್ ತಂದು ತಂದು ಹುರಿದಿದೀನಿ, ಒಂದು ಸಲಾನೂ ಸರಿ ಬರ್ಲಿಲ್ಲ.

ಮೊದ್ಲು ಆ ಪ್ಯಾಕೆಟ್ ಕತೆ ಹೇಳ್ಬೇಕು, ಯಾಕಂದ್ರೆ ತುಂಬಾ ಜನ ತಾವು ಹುರಿಯೋದ್ರಲ್ಲೇ ತಪ್ಪಿದೆ ಅಂತ ಅಂದ್ಕೊಂಡಿರ್ತಾರೆ. ಒಂದು ಕೋಲ್ಡ್ ಸ್ಟೋರೇಜಿಂದ (ಯಾವ್ದು ಅಂತ ಬೇಡ) ತರ್ತಿದ್ದೆ, ಫ್ರೀಜರಲ್ಲಿ ಕಲ್ಲಿನ ಥರ ಗಟ್ಟಿಯಾಗಿರ್ತಿತ್ತು. ಮನೆಗೆ ತಂದು ಬಿಡಿಸಿದ್ರೆ ಕವರ್ ಒಳಗೆಲ್ಲಾ ನೀರು, ಕಾವಲಿಗೆ ಹಾಕಿದ್ರೆ ಎರಡೇ ನಿಮಿಷದಲ್ಲಿ ಬೆಳ್ಳಗೆ ನೊರೆ ನೊರೆ ಬರೋದು, ಬೇಕನ್ ಆ ನೀರಲ್ಲೇ ಬೇಯೋದು. ನೀರು ಆರೋ ಹೊತ್ತಿಗೆ ಅದು ಮುದುಡ್ಕೊಂಡು ಅರ್ಧ ಆಗಿರ್ತಿತ್ತು, ಇನ್ನೂ ಸ್ವಲ್ಪ ಬಿಡೋಣ ಅಂದ್ರೆ ಅಂಚೆಲ್ಲಾ ಕಪ್ಪು, ನಡುವೆ ಮಾತ್ರ ಅಗಿದ್ರೂ ಮುಗಿಯದ ರಬ್ಬರು. ಒಂದು ಸಲ ಮೂರು ಪ್ಯಾಕೆಟ್ ಹುರಿದು ಆರು ಜನಕ್ಕೆ ಸಾಕಾಗ್ಲಿಲ್ಲ, ಗೆಸ್ಟ್ ಎದುರಿಗೆ ತಟ್ಟೆ ಇಡೋಕೆ ನಾಚಿಕೆ ಆಯ್ತು. ಅಂಗಡಿಯವ್ರನ್ನ ಕೇಳಿದ್ರೆ ಎಣ್ಣೆ ಜಾಸ್ತಿ ಹಾಕಿ ಅಂದ್ರು! ಹಂದಿ ನೆಣಕ್ಕೆ ಎಣ್ಣೆ ಹಾಕು ಅಂತ ನಮ್ಮೂರಲ್ಲಿ ಯಾರೂ ಹೇಳಿದ್ದು ಕೇಳಿಲ್ಲ ನಾನು.

ಆಮೇಲೆ ಗೊತ್ತಾಯ್ತು ವಿಷ್ಯ ಏನು ಅಂತ. ಬೇಕನ್ ಮಾಡೋದ್ರಲ್ಲಿ ಎರಡು ಥರ ಇದೆ. ಒಂದು, ಹಂದಿ ಹೊಟ್ಟೆ ಭಾಗದ ಮಾಂಸಕ್ಕೆ ಒಣ ಉಪ್ಪು ಸಕ್ಕರೆ ಸವರಿ ದಿನಗಟ್ಟಲೆ ಇಡೋದು, ಉಪ್ಪು ಒಳಗೆ ಹೋಗುತ್ತೆ ನೀರು ಹೊರಗೆ ಬರುತ್ತೆ, ಆಮೇಲೆ ಹೊಗೆ ಹಾಕೋದು. ಇನ್ನೊಂದು ಉಪ್ಪು ನೀರನ್ನ ಸೂಜಿಯಿಂದ ಮಾಂಸದ ಒಳಗೇ ಚುಚ್ಚೋದು, ಇದು ಬೇಗ ಆಗುತ್ತೆ, ತೂಕನೂ ಇಳಿಯಲ್ಲ, ಅದಕ್ಕೆ ಫ್ಯಾಕ್ಟರಿ ಮಾಲಲ್ಲಿ ಇದೇ ಜಾಸ್ತಿ. ನಾವು ಮಾಂಸದ ರೇಟಲ್ಲಿ ನೀರು ಕೊಂಡ್ಕೊಂಡ ಹಾಗೆ. ಆ ನೀರು ಪೂರ್ತಿ ಹೋಗೋವರೆಗೂ ಗರಿಗರಿ ಅನ್ನೋ ಮಾತೇ ಇಲ್ಲ, ಯಾಕಂದ್ರೆ ನೀರು ಇರೋವರೆಗೆ ಬಿಸಿ 100 ಡಿಗ್ರಿ ಆಸುಪಾಸಲ್ಲೇ ನಿಂತಿರುತ್ತೆ, ಕೆಂಪಗೆ ಆಗೋಕೆ ಸುಮಾರು 140 ಡಿಗ್ರಿ ಆದ್ರೂ ದಾಟಬೇಕು.

ಈಗ ಅಂಗಡಿ ವಿಷ್ಯಕ್ಕೆ ಬರ್ತೀನಿ. ಮೇ ತಿಂಗಳಲ್ಲಿ ಪಂದಿ ಕರಿಗೆ ಮಾಂಸ ತರೋಕೆ ಅಂತ ಹೋಗಿದ್ದೆ, ಒಳಗಡೆ ಗಾಜಿನ ಫ್ರಿಜ್ಜಲ್ಲಿ ಇಟ್ಟಿಗೆ ಥರ ಒಂದು ತುಂಡು ಕಾಣ್ತು, ಮೇಲೆಲ್ಲಾ ಕಂದು ಬಣ್ಣ, ಪಕ್ಕದಿಂದ ನೋಡಿದ್ರೆ ಕೆಂಪು ಬಿಳಿ ಕೆಂಪು ಬಿಳಿ ಅಂತ ಪಟ್ಟೆ ಪಟ್ಟೆ. ಏನಣ್ಣ ಇದು ಅಂದೆ. "ಬೇಕನ್ ಅಕ್ಕ, ನಾನೇ ಮಾಡಿದ್ದು, ಮೂಸಿ ನೋಡಿ" ಅಂತ ಕೈಗೇ ಕೊಟ್ರು. ಮೂಸಿದೆ ಮಾರಾಯ್ರೆ, ನಂಗೆ ಆ ಕ್ಷಣ ನೆನಪಾಗಿದ್ದು ನಮ್ಮ ಹಳೇ ಮನೆ ಅಡುಗೆ ಕೋಣೆ. ಮಳೆಗಾಲಕ್ಕೆ ಅಂತ ಅಜ್ಜಿ ಮಾಂಸಕ್ಕೆ ಉಪ್ಪು ಅರಿಶಿನ ಸವರಿ ಒಲೆ ಮೇಲೆ ಹೊಗೆಗೆ ಕಟ್ತಿದ್ರಲ್ಲ, ಅದೇ ವಾಸನೆ. ಮಸಿ, ಉಪ್ಪು, ನೆಣ, ಸ್ವಲ್ಪ ಸಿಹಿ ಸಿಹಿ ಹೊಗೆ. ಈಗ ಗ್ಯಾಸ್ ಬಂದ ಮೇಲೆ ಮನೇಲಿ ಆ ಒಲೇನೂ ಇಲ್ಲ ಹೊಗೆನೂ ಇಲ್ಲ.

ಎಷ್ಟು ದಿನ ಉಪ್ಪಲ್ಲಿ ಇಡ್ತೀರ ಅಂತ ಕೇಳಿದೆ. ಏಳು ದಿನ ಫ್ರಿಜ್ಜಲ್ಲಿ, ದಿನಾ ಒಂದು ಸಲ ಮಗುಚಿ ಹಾಕ್ತಾರಂತೆ, ಬಿಟ್ಕೊಂಡ ನೀರು ಚೆಲ್ತಾರಂತೆ, ಆಮೇಲೆ ತೊಳೆದು ಒಂದು ದಿನ ಹಾಗೇ ಒಣಗೋಕೆ ಬಿಟ್ಟು ಕಾಫಿ ಕಟ್ಟಿಗೆಯಲ್ಲಿ ಹೊಗೆ ಹಾಕೋದು. ತೋಟದಲ್ಲಿ ಹಳೇ ಗಿಡ ಕಿತ್ತಾಗ ಬರೋ ಬುಡ ಎಲ್ಲಾ ತಗೊಂಡು ಬರ್ತಾರೆ, ಚೆನ್ನಾಗಿ ಒಣಗಿದ್ದು ಮಾತ್ರ. ಸಕ್ಕರೆ ಬದ್ಲು ಬೆಲ್ಲ. "ಒಂದು ಕೇಜಿ ಇಟ್ರೆ ಎಂಟುನೂರು ಗ್ರಾಂ ಉಳಿಯೋದು ಅಕ್ಕ, ಅದಕ್ಕೇ ರೇಟು ಸ್ವಲ್ಪ ಜಾಸ್ತಿ" ಅಂದ್ರು. ಕೇಳಿ ನಂಗೆ ರೇಟಿನ ಬಗ್ಗೆ ಇದ್ದ ಅನುಮಾನನೂ ಹೋಯ್ತು, ನೀರು ಕಳೆದಿರೋ ಮಾಲಿಗೆ ದುಡ್ಡು ಕೊಡೋದ್ರಲ್ಲಿ ನಂಗೆ ಬೇಜಾರಿಲ್ಲ. ಕ್ಯೂರಿಂಗ್ ಸಾಲ್ಟ್ (ಮಾಂಸ ಕೆಡದ ಹಾಗೆ ಹಾಕೋ ನೈಟ್ರೈಟ್ ಬೆರೆಸಿದ ಉಪ್ಪು) ಹಾಕ್ತೀರಾ ಅಂತಾನೂ ಕೇಳಿದೆ, ಹೌದು ಅಳೆದು ಹಾಕ್ತೀನಿ ಅಂದ್ರು, ಮುಚ್ಚಿಡ್ಲಿಲ್ಲ. ಅದರಲ್ಲಿರೋ ನೈಟ್ರೈಟಿಂದಲೇ ಬೇಕನ್‌ಗೆ ಆ ಗುಲಾಬಿ ಬಣ್ಣ ನಿಲ್ಲೋದು, ಕೆಟ್ಟ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯೋದೂ ಅದೇ, ಕಣ್ಣಂದಾಜಲ್ಲಿ ಹಾಕೋ ಸಾಮಾನಲ್ಲ.

ತಗೊಳ್ಳೋವಾಗ ಎರಡು ಮಾತು ನೆನಪಿಟ್ಕೊಳ್ಳಿ. ಇಲ್ಲಿ ನಾವು ಹಂದಿ ಮಾಂಸ ಚರ್ಮ ಸಮೇತ ತಗೊಳ್ಳೋರು, ಸುಟ್ಟು ಕೆರೆದ ಚರ್ಮ ಇಲ್ದಿದ್ರೆ ಪಂದಿ ಕರಿಗೆ ರುಚಿನೇ ಇಲ್ಲ ಅನ್ನೋರು. ಅವರೂ ಬೇಕನನ್ನ ಚರ್ಮದ ಜೊತೆನೇ ಇಟ್ಟಿರ್ತಾರೆ. ಹುರಿಯೋಕೆ ಬೇಕಾದ್ರೆ ಚರ್ಮ ತೆಗೆಸಿ, ಇಲ್ಲಾಂದ್ರೆ ಅದು ಬಿಸಿಗೆ ಎಳ್ಕೊಂಡು ಇಡೀ ಪಟ್ಟಿನೇ ಬಿಲ್ಲಿನ ಥರ ಬಾಗುತ್ತೆ, ಒಂದು ಕಡೆ ಕಾವಲಿಗೆ ತಾಗೋದೇ ಇಲ್ಲ, ಹಲ್ಲಿಗೂ ಗಟ್ಟಿ. ತೆಗೆದ ಚರ್ಮ ಬಿಟ್ಟು ಬರಬೇಡಿ, ಕೇಳಿ ತಗೊಳ್ಳಿ, ಹುರುಳಿ ಸಾರಿಗೆ ಎರಡು ತುಂಡು ಬಿದ್ರೆ ಆ ಸಾರಿನ ಹೊಗೆ ರುಚಿ ಬೇರೆನೇ. ಎರಡನೇದು ಕಟ್ ಮಾಡೋ ವಿಷ್ಯ. ಅಂಗಡಿಯಲ್ಲಿ ಸ್ಲೈಸರ್ ಮಿಷನ್ ಇಲ್ಲ, ಕತ್ತಿಯಲ್ಲೇ ಕಟ್ ಮಾಡಿ ಕೊಡ್ತಾರೆ, ಶನಿವಾರ ಭಾನುವಾರ ಜನ ನಿಂತಿರೋವಾಗ ಒಂದು ತುದಿ ಪೇಪರ್ ಥರ ಇನ್ನೊಂದು ತುದಿ ಬೆರಳಿನ ದಪ್ಪ ಬರುತ್ತೆ. ನನ್ನ ಕೆಟ್ಟ ಆ ಒಂದು ಸಲ ಇದೇ ಆಗಿದ್ದು, ತೆಳ್ಳಗಿರೋ ಕಡೆ ಸುಟ್ಟು ಹೋಯ್ತು, ದಪ್ಪಗಿರೋ ಕಡೆ ಇನ್ನೂ ಮೆತ್ತಗೆ. ಅವತ್ತಿಂದ ನಾನು ಇಡೀ ತುಂಡೇ ತರ್ತೀನಿ. ಮನೇಲಿ ಅರ್ಧ ಗಂಟೆ ಫ್ರೀಜರಲ್ಲಿ ಇಟ್ಟು, ಮುಟ್ಟಿದ್ರೆ ಗಟ್ಟಿ ಅನ್ಸೋವಾಗ ಚೆನ್ನಾಗಿ ಮಸೆದ ಚಾಕುವಲ್ಲಿ ಕೊಯ್ದ್ರೆ ಒಂದೇ ಸಮ ಬರುತ್ತೆ. ಎರಡು ಮಿಲಿಮೀಟರ್ ದಪ್ಪ ನಂಗೆ ಸರಿ, ಮೂರು ದಾಟಿದ್ರೆ ಅಂಚು ಗರಿಗರಿ ಆಗುತ್ತೆ, ನಡುವೆ ಅಗಿಯೋ ಹಾಗಿರುತ್ತೆ, ಹಾಗೆ ಇಷ್ಟ ಪಡೋರೂ ಇದ್ದಾರೆ.

ಈಗ ಹುರಿಯೋದು. ಇಲ್ಲಿ ಸ್ವಲ್ಪ ಉದ್ದ ಬರೀತೀನಿ.

ಹಪ್ಪಳ ಕಾದ ಎಣ್ಣೆಗೆ ಬೀಳಬೇಕು, ಬೇಕನ್ ತಣ್ಣಗಿರೋ ಕಾವಲಿಗೆ ಬೀಳಬೇಕು. ಇಷ್ಟು ಗೊತ್ತಾಗೋಕೆ ನಂಗೆ ಎರಡು ವರ್ಷ ಹಿಡೀತು. ದೋಸೆ ಹುಯ್ದು ಅಭ್ಯಾಸ ಆದ ಕೈ ಅಲ್ವಾ, ಕಾವಲಿ ಕಾಯಿಸಿ ನೀರು ಚಿಮುಕಿಸಿ ಚುಂಯ್ ಅಂದ ಮೇಲೆನೇ ಏನಾದ್ರೂ ಹಾಕೋದು. ಹಾಗೆ ಕಾದ ಕಾವಲಿಗೆ ಬೇಕನ್ ಹಾಕಿದ್ರೆ ಕೆಂಪು ಮಾಂಸ ತಕ್ಷಣ ಮುದುಡುತ್ತೆ, ನೆಣ ಇನ್ನೂ ಕರಗೋಕೆ ಶುರುನೇ ಆಗಿರಲ್ಲ. ತಣ್ಣಗಿನ ಕಾವಲಿಯಲ್ಲಿ ಪಟ್ಟಿಗಳನ್ನ ಒಂದರ ಮೇಲೊಂದು ಬೀಳದ ಹಾಗೆ ಮಲಗಿಸಿ, ಆಮೇಲೆ ಉರಿ ಹಚ್ಚಿ, ಸಣ್ಣ ಉರಿ. ನೆಣ ನಿಧಾನಕ್ಕೆ ಕರಗಿ ಹೊರಗೆ ಬರುತ್ತೆ, ಆ ನೆಣದಲ್ಲೇ ಮಾಂಸ ಹುರಿಯುತ್ತೆ. ನಾವು ನೆಣ ಇರೋ ಹಂದಿ ಹುರಿಯೋವಾಗ ಮಾಡೋದೂ ಅದೇ ಅಲ್ವಾ.

ಕಾವಲಿ ದಪ್ಪ ಇರಬೇಕು. ನಮ್ಮನೇದು ಅವ್ವನ ಕಾಲದ ಕಬ್ಬಿಣದ ಕಾವಲಿ, ಒಟ್ಟಿ (ಅಕ್ಕಿ ರೊಟ್ಟಿ) ಸುಟ್ಟು ಸುಟ್ಟು ಕಪ್ಪಗೆ ಮಿರಿಮಿರಿ ಅಂತಿದೆ, ಅದಕ್ಕಿಂತ ಒಳ್ಳೇದು ಸಿಕ್ಕಿಲ್ಲ ನಂಗೆ. ತೆಳು ಅಲ್ಯುಮಿನಿಯಂ ಪ್ಯಾನಲ್ಲಿ ಉರಿ ಇರೋ ಜಾಗ ಮಾತ್ರ ಸುಡುತ್ತೆ.

ಮತ್ತೆ ಕಿವಿ ಕೊಟ್ಟು ಕೇಳಿ. ಮೊದಲ ಎರಡು ನಿಮಿಷ ಸದ್ದೇ ಇರಲ್ಲ, ಬಿಳಿ ನೆಣ ಮಾತ್ರ ನಿಧಾನಕ್ಕೆ ಗಾಜಿನ ಥರ ಪಾರದರ್ಶಕ ಆಗುತ್ತೆ. ಆಮೇಲೆ ಸಣ್ಣಗೆ ಚಿಟಿಚಿಟಿ ಶುರು, ಸ್ವಲ್ಪ ಹೊತ್ತಿಗೆ ಜೋರು ಮಳೆ ತಗಡಿನ ಮೇಲೆ ಬಿದ್ದ ಹಾಗೆ ಚರಚರ. ಅದು ಒಳಗಿರೋ ನೀರು ಹಬೆಯಾಗಿ ಹೋಗೋ ಸದ್ದು. ಈ ಹೊತ್ತಲ್ಲಿ ಒಂದು ಸಲ ಮಗುಚಿ, ಬಾಗಿದ್ರೆ ಇಕ್ಕಳದಲ್ಲಿ ಒತ್ತಿ ಹಿಡೀರಿ. ಆರೇಳು ನಿಮಿಷ ಕಳೆದ ಮೇಲೆ ಒಂದು ಘಳಿಗೆ ಬರುತ್ತೆ, ಸದ್ದು ಇದ್ದಕ್ಕಿದ್ದ ಹಾಗೆ ಇಳಿಯುತ್ತೆ, ದೊಡ್ಡ ಗುಳ್ಳೆ ಹೋಗಿ ಕಾವಲಿ ತುಂಬಾ ಸಣ್ಣ ಸಣ್ಣ ನೊರೆ ಏಳುತ್ತೆ. ನೀರು ಮುಗೀತು ಅಂತ ಅರ್ಥ. ಇನ್ಮೇಲೆ ಬಿಸಿ ಸರ್ರಂತ ಏರುತ್ತೆ, ಬಣ್ಣ ಬೇಗ ಬೇಗ ಬದಲಾಗುತ್ತೆ, ಮೊದಲ ಏಳು ನಿಮಿಷ ನೀವು ಹೊರಗೆ ಹೋಗಿ ಕೋಳಿಗೆ ಅಕ್ಕಿ ಹಾಕಿ ಬಂದ್ರೂ ಏನೂ ಆಗಲ್ಲ, ಈ ಕೊನೆ ಎರಡು ನಿಮಿಷ ಮಾತ್ರ ಕಾವಲಿ ಬಿಟ್ಟು ಕದಲಬಾರದು. ಬೆಲ್ಲ ಹಾಕಿದ ಬೇಕನ್ ಆದ್ದರಿಂದ ಇನ್ನೂ ಹುಷಾರು ಬೇಕು, ಬೆಲ್ಲ ಸುಟ್ರೆ ಕಹಿ.

ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಹದ ಮೊದ್ಲೇ ತೆಗೀಬೇಕು. ಕಾವಲಿಯಿಂದ ಎತ್ತಿದಾಗ ಅದು ಸ್ವಲ್ಪ ಬಾಗುತ್ತೆ, ಅಯ್ಯೋ ಇನ್ನೂ ಆಗಿಲ್ಲ ಅಂತ ವಾಪಸ್ ಹಾಕಬೇಡಿ, ಆರಿದ ಮೇಲೇ ಗರಿಗರಿ ಆಗೋದು. ನಾನು ಜಾಲರಿ ತಟ್ಟೆ ಮೇಲೆ ಹರಡ್ತೀನಿ, ಕೆಳಗಿಂದಲೂ ಗಾಳಿ ಆಡುತ್ತೆ. ಇಲ್ಲಾಂದ್ರೆ ಟಿಶ್ಯೂ. ನ್ಯೂಸ್ ಪೇಪರ್ ಬೇಡ, ಬಿಸಿ ನೆಣಕ್ಕೆ ಇಂಕ್ ಬಿಡುತ್ತೆ. ಎರಡು ನಿಮಿಷ ಬಿಟ್ಟು ಒಂದು ಪಟ್ಟಿ ಎರಡು ತುದಿ ಹಿಡಿದು ಬಗ್ಗಿಸಿ ನೋಡಿ, ಕಟ್ ಅಂತ ಮುರೀಬೇಕು, ಮುರಿದ ಕಡೆ ಸಣ್ಣ ಸಣ್ಣ ಪದರ ಕಾಣಬೇಕು. ನಾನು ಒಂದು ಸಲ ಅಡುಗೆ ಮನೆ ತಕ್ಕಡಿಯಲ್ಲಿ ತೂಕ ಹಾಕಿ ನೋಡಿದ್ದೆ, 200 ಗ್ರಾಂ ಹಸಿ ಪಟ್ಟಿ ಹುರಿದ ಮೇಲೆ 80 ಗ್ರಾಂ ಇತ್ತು. ಅದೇ ಹಳೇ ಪ್ಯಾಕೆಟ್ ಬೇಕನ್ 200 ಗ್ರಾಂಗೆ 60 ಕೂಡ ಬಂದಿರಲಿಲ್ಲ. ಲೆಕ್ಕ ಹಾಕಿದ್ರೆ ಈ ಅಂಗಡಿ ರೇಟು ಅಷ್ಟೇನೂ ದುಬಾರಿ ಬೀಳಲ್ಲ.

ಪ್ಯಾಕೆಟ್ ಬೇಕನೇ ಸಿಗೋ ಊರಲ್ಲಿದ್ರೆ ಏನ್ ಮಾಡೋದು ಅಂತ ಕೇಳ್ತೀರಿ. ರಾತ್ರಿನೇ ಬಿಡಿಸಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ತಟ್ಟೆಯಲ್ಲಿ ಹರಡಿ ಫ್ರಿಜ್ಜಲ್ಲಿ ಮುಚ್ಚದೆ ಇಡಿ, ಫ್ರಿಜ್ಜಿನ ಒಣ ಗಾಳಿಗೆ ಮೇಲಿನ ತೇವ ಹೋಗುತ್ತೆ. ಹುರಿಯೋವಾಗ ಮೊದಲು ಬಂದ ಬಿಳಿ ನೀರನ್ನ ಚೆಲ್ಲಿ ಮತ್ತೆ ಮುಂದುವರಿಸಿ. ಅಂಗಡಿ ಬೇಕನಿನಷ್ಟು ಆಗಲ್ಲ, ಆದ್ರೂ ರಬ್ಬರ್ ಆಗೋದು ತಪ್ಪುತ್ತೆ.

ಓವನಲ್ಲೂ ಮಾಡಿ ನೋಡಿದೀನಿ, ಆರಕ್ಕಿಂತ ಹೆಚ್ಚು ಜನ ಇದ್ರೆ ಅದೇ ಸರಿ. 200 ಡಿಗ್ರಿ, 15ರಿಂದ 20 ನಿಮಿಷ, ಟ್ರೇನಲ್ಲಿ ಬೆಣ್ಣೆ ಕಾಗದ ಹಾಸಿ ಒಂದೇ ಸಾಲಾಗಿ ಜೋಡಿಸಿದ್ರೆ ಎಲ್ಲಾ ಪಟ್ಟಿನೂ ನೇರವಾಗಿ ಒಂದೇ ಬಣ್ಣ ಬರುತ್ತೆ, ಒಲೆ ಮೇಲೆ ಸಿಡಿಯೋದೂ ಇಲ್ಲ. ಆದ್ರೆ ಜೂನ್ ಜುಲೈಯಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹೋದ್ರೆ ಎರಡು ದಿನ ಕರೆಂಟ್ ಬರಲ್ಲ, ಓವನ್ ನಂಬ್ಕೊಂಡು ಗೆಸ್ಟಿಗೆ ಮಾತು ಕೊಡೋಕೆ ಆಗಲ್ಲ. ಏರ್ ಫ್ರೈಯರಲ್ಲಿ ನಾದಿನಿ ಮಾಡ್ತಾಳೆ, ಗರಿಗರಿ ಆಗುತ್ತೆ ನಿಜ, ನೆಣ ಕೆಳಗಡೆ ಸೇರಿ ಹೊಗೆ ಬರುತ್ತೆ, ತೊಳೆಯೋದು ದೊಡ್ಡ ಕೆಲಸ.

ಮಳೆಗಾಲದ್ದೇ ಇನ್ನೊಂದು ಮಾತು. ಕಾಲು ಕೇಜಿಗಿಂತ ಹೆಚ್ಚು ತಂದಿಡಬೇಡಿ, ಕರೆಂಟ್ ಹೋದ್ರೆ ಫ್ರಿಜ್ಜಿನ ಗ್ಯಾರಂಟಿ ಇಲ್ಲ. ಉಪ್ಪು ಹೊಗೆ ಆಗಿದೆ ಅಲ್ವಾ ಹೊರಗೇ ಇರ್ಲಿ ಅಂತ ಇಡೋದು ಬೇಡವೇ ಬೇಡ, ಇದು ಅಜ್ಜಿ ಕಾಲದ ಕಟ್ಟಿಗೆ ಥರ ಒಣಗಿದ ಮಾಂಸ ಅಲ್ಲ, ಒಳಗೆ ಇನ್ನೂ ತೇವ ಇರುತ್ತೆ, ಹಸಿ ಮಾಂಸದ ಲೆಕ್ಕವೇ, ಹುರೀದೆ ತಿನ್ನೋ ಹಾಗೂ ಇಲ್ಲ. ಮತ್ತೆ ಹುರಿದ ಬೇಕನ್ ಈ ಥಂಡಿ ಗಾಳಿಗೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತೆ, ತಟ್ಟೆಗೆ ಬಡಿಸೋ ಹೊತ್ತಿಗೆ ಹುರೀರಿ, ಮೊದಲೇ ಹುರಿದಿದ್ರೆ ತಣ್ಣಗಿನ ಕಾವಲಿಯಿಂದಲೇ ಇನ್ನೊಂದು ಸಲ ಒಂದೆರಡು ನಿಮಿಷ ಬಿಸಿ ಮಾಡಿ.

ಕಾವಲಿಯಲ್ಲಿ ಉಳಿಯೋ ನೆಣ ಚೆಲ್ಲೋರನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ. ಸ್ವಲ್ಪ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ಗಾಜಿನ ಬಾಟ್ಲಿಗೆ ಹಾಕಿ ಫ್ರಿಜ್ಜಲ್ಲಿಡಿ. ಮೊಟ್ಟೆ ಅದರಲ್ಲೇ ಹಾಕಿ. ಆಲೂಗಡ್ಡೆ ಹುರೀರಿ. ಈಗ ಅಣಬೆ ಎದ್ದಿದೆ ನೋಡಿ, ಮೊನ್ನೆ ತೋಟದಲ್ಲಿ ಕೆಲಸದವ್ರು ಒಂದು ಎಲೆ ತುಂಬಾ ಕಿತ್ತು ತಂದು ಕೊಟ್ರು, ನೆಣದಲ್ಲಿ ಈರುಳ್ಳಿ ಹಸಿಮೆಣಸು ಬಾಡಿಸಿ ಅಣಬೆ ಹಾಕಿ ಮೇಲೆ ಬೇಕನ್ ಪುಡಿ ಮಾಡಿ ಉದುರಿಸಿದೆ, ಒಟ್ಟಿ ಜೊತೆ ತಿಂದು ಮನೆಯವ್ರು ಸಾಯಂಕಾಲದವರೆಗೂ ಅದನ್ನೇ ಹೇಳ್ತಿದ್ರು. ಕಳಲೆಗೂ ಒಂದು ಚಮಚ ಹಾಕಿ ನೋಡಿ.

ಅವ್ವನಿಗೆ ಮೊದಲು ಬೇಕನ್ ಅಂದ್ರೆ ಅಷ್ಟಕ್ಕಷ್ಟೇ ಇತ್ತು, ದೊರೆ ಬಂಗ್ಲೆ ತಿಂಡಿ ಅಂತಿದ್ರು. ಕೊಡಗು 1834ರಲ್ಲಿ ಬ್ರಿಟಿಷರ ಕೈಗೆ ಹೋಗಿ, 1850ರ ದಶಕದಿಂದ ಯುರೋಪಿಯನ್ ಪ್ಲಾಂಟರುಗಳು ಕಾಫಿ ತೋಟ ಮಾಡ್ತಾ ಬಂದ್ರಲ್ಲ, ಆ ಬಂಗ್ಲೆಗಳ ಅಡುಗೆ ಮನೆ ವಾಸನೆ ಅವರಿಗೆ ನೆನಪಿದೆ, ಅವರ ಅಪ್ಪ ಒಂದು ಎಸ್ಟೇಟಲ್ಲಿ ರೈಟರ್ (ಲೆಕ್ಕ ಬರೆಯೋರು) ಆಗಿದ್ರು. ಆದ್ರೆ ನಾನು ಈ ಅಂಗಡೀದು ಹುರಿದು ಕೊಟ್ಟಾಗ ಒಂದು ತುಂಡು ಮುರಿದು ಬಾಯಿಗೆ ಹಾಕ್ಕೊಂಡು ಸುಮ್ನೆ ಅಗೀತಾ ಕೂತ್ರು, ಆಮೇಲೆ "ಅದೇ ಹೊಗೆ ಮಾರಾಯ್ತಿ, ನಿನ್ನಜ್ಜಿ ಕಟ್ತಿದ್ದದ್ದು" ಅಂದ್ರು. ಎದ್ದು ಹೋಗಿ ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡೋ ನಮ್ಮ ಕಡೆಯ ಗಟ್ಟಿ ಹುಳಿ) ಬಾಟ್ಲಿ ತಂದು, ಬೆರಳಲ್ಲಿ ಒಂದೇ ಒಂದು ತೊಟ್ಟು ಸವರಿ, ನಮ್ಮ ತೋಟದ್ದೇ ಕರಿಮೆಣಸು ಜಜ್ಜಿ ಉದುರಿಸಿ ಇನ್ನೊಂದು ತಿಂದ್ರು. ನಾನೂ ಹಾಗೇ ತಿಂದು ನೋಡ್ದೆ. ನೆಣದ ಜಿಡ್ಡು ಉಪ್ಪು ಎರಡನ್ನೂ ಆ ಹುಳಿ ಹಿಡಿದು ನಿಲ್ಲಿಸುತ್ತೆ. ಈಗ ಗೆಸ್ಟಿಗೂ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲಲ್ಲಿ ಕಾಚಂಪುಳಿ ಇಡ್ತೀನಿ. ತೊಟ್ಟು ಮಾತ್ರ, ಜಾಸ್ತಿ ಆದ್ರೆ ಗರಿಗರಿನೂ ಹೋಗುತ್ತೆ ಬಾಯಿನೂ ಚುರ್ ಅನ್ನುತ್ತೆ.

ಅಂಗಡಿ ಬಗ್ಗೆ ನನ್ನ ತಕರಾರು ಇಲ್ಲ ಅಂತಲ್ಲ. ಪ್ಯಾಕ್ ಮೇಲೆ ಮಾಡಿದ ತಾರೀಕು ಬರೆಯಲ್ಲ, ಕೇಳಿದ್ರೆ ಬಾಯಲ್ಲಿ ಹೇಳ್ತಾರೆ, ಒಂದು ಚೀಟಿ ಅಂಟಿಸಿದ್ರೆ ಎಷ್ಟು ಚೆನ್ನಾಗಿರುತ್ತೆ, ಇದನ್ನ ಅವರ ಎದುರಿಗೂ ಹೇಳಿದೀನಿ. ಸಾಮಾನ್ಯ ಪ್ಲಾಸ್ಟಿಕ್ ಕವರಲ್ಲಿ ಕೊಡ್ತಾರೆ, ನಾನು ಸ್ಟೀಲ್ ಡಬ್ಬ ತಗೊಂಡು ಹೋಗ್ತೀನಿ. ಉಪ್ಪು ಒಂದು ಚೂರು ಮುಂದಿದೆ, ಅದಕ್ಕೆ ಜೊತೆಗೆ ಮಾಡೋ ಮೊಟ್ಟೆಗೆ ಉಪ್ಪು ಹಾಕಲೇಬೇಡಿ. ಬೆಲೆ ಅರ್ಧ ಕೇಜಿಗೆ 450 ರೂಪಾಯಿ ಕೊಟ್ಟಿದೀನಿ ಕಳೆದ ಸಲ. ಅಂಗಡಿ ಒಳಗೆ ಮಾತ್ರ ತುಂಬಾ ಚೊಕ್ಕಟ, ಹಸಿ ಮಾಂಸ ಕಡಿಯೋ ಮರದ ಕೊರಡು ಬೇರೆ, ಬೇಕನ್ ಕೊಯ್ಯೋ ಹಲಗೆ ಬೇರೆ, ನಾನು ಕಣ್ಣಾರೆ ನೋಡಿದ್ದು.

ದಿನಾ ತಿನ್ನೋ ಪದಾರ್ಥ ಅಲ್ಲ ಇದು, ಅದನ್ನೂ ಹೇಳಿಬಿಡ್ತೀನಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವ್ರು ಬೇಕನ್, ಸಾಸೇಜ್ ಥರ ಸಂಸ್ಕರಿಸಿದ ಮಾಂಸ ಎಲ್ಲಾ ಕ್ಯಾನ್ಸರಿಗೆ ಕಾರಣ ಆಗೋ ಪಟ್ಟಿಗೆ ಸೇರಿಸಿದ್ದಾರೆ. ನಮ್ಮನೇಲಿ ಹದಿನೈದು ದಿನಕ್ಕೆ ಒಂದು ಸಲ, ತಲಾ ಮೂರು ಪಟ್ಟಿ. ಬಿಪಿ ಇರೋದ್ರಿಂದ ಅವ್ವನಿಗೆ ಒಂದೇ.

ಹೋಗೋರಿಗೆ: ಬೇಕನ್ ಎಲ್ಲಾ ದಿನ ಇರಲ್ಲ, ಶುಕ್ರವಾರ ಹೊಗೆಯಿಂದ ಇಳಿಸ್ತಾರೆ, ಶನಿವಾರ ಬೆಳಿಗ್ಗೆ ಹತ್ತರ ಒಳಗೆ ಹೋದ್ರೆ ನಡುವಿನ ಒಳ್ಳೇ ತುಂಡು ಸಿಗುತ್ತೆ, ಮಧ್ಯಾಹ್ನ ಹೋದ್ರೆ ತುದಿ ಮಾತ್ರ. ನೆಣ ಮಾಂಸ ಸರಿಸಮ ಇರೋ ಕಡೆ ಬೆರಳು ಇಟ್ಟು ತೋರಿಸಿ ಕೇಳಿ, ಕೊಡ್ತಾರೆ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆ ಹಬ್ಬ) ಹತ್ರ ಬರೋವಾಗ ಮಾತ್ರ ಹಸಿ ಮಾಂಸದ ರಶ್ಶಲ್ಲಿ ಬೇಕನ್ ಮಾಡೋದೇ ಇಲ್ಲವಂತೆ, ಅದಕ್ಕೆ ನಾನು ಆಗಸ್ಟ್ ಕೊನೇ ಶನಿವಾರಕ್ಕೆ ಅಂತ ಒಂದು ತುಂಡು ಈಗಲೇ ಹೇಳಿಟ್ಟಿದೀನಿ, ಚರ್ಮ ತೆಗೆದು, ಚರ್ಮನೂ ಜೊತೆಗೆ ಕಟ್ಟಿ ಕೊಡೋಕೆ.